ದೊಡ್ಡಪ್ಪನ ಮನೆಗಾಡಿ ಕೋಟೆಗೆ ಹೋದದ್ದು

ನಮ್ಮ ದೊಡ್ಡಪ್ಪ ಕೆಂಪಾಪುರದಲ್ಲಿ ಗೇಟು, ಗ್ರಿಲ್ಲು ಮಾಡುವವರು. ಕಬ್ಬಿಣ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಮನುಷ್ಯರು ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ನಮ್ಮಿಬ್ಬರಿಗೂ ಬೈಗುಳ ಒಂದೇ ಕಡೆಯಿಂದ ಬರುತ್ತಿತ್ತು, ದೊಡ್ಡಮ್ಮನಿಂದ. ಡಿಗ್ರಿ ಓದುವಾಗ ನಾನು ಅವರ ಮನೆಯಲ್ಲೇ ಇದ್ದೆ. ಕಾಲೇಜು ಹತ್ತಿರ ಎಂಬುದು ಮನೆಯವರಿಗೆ ಹೇಳಿದ ಕಾರಣ. ದೊಡ್ಡಮ್ಮನ ಕೋಡುಬಳೆ ನಿಜವಾದ ಕಾರಣ.

ಆಗ ನನ್ನ ಕಸುಬು ಎಂದರೆ ಎಲ್ಲರ ದನಿಯನ್ನೂ ಕದಿಯುವುದು. ಹೆಬ್ಬಾಳದಲ್ಲಿ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು, ಮೇಖ್ರಿ ಸರ್ಕಲ್ಲಿಗೆ ಜನ ಕರೆಯಲು ಮೇಖ್ರಿ ಮೇಖ್ರಿ ಎಂದು ಕೂಗುವ ಕಂಡಕ್ಟರು, ಕಬ್ಬಿಣ ಕೊಯ್ಯುವ ಯಂತ್ರ, ಮೂರನೇ ವಿಷಲ್‌ಗೆ ಮುಂಚೆ ನರಳುವ ಕುಕ್ಕರು, ಎಲ್ಲವೂ ನನ್ನ ಗಂಟಲಿನಲ್ಲಿದ್ದವು. ನನ್ನದೇ ದನಿ ಮಾತ್ರ ಶೀತವಾದ ಮೇಕೆಯ ಹಾಗಿತ್ತು. ಅದಕ್ಕೇ ಬೇರೆಯವರದನ್ನು ಬಳಸುತ್ತಿದ್ದೆ ಅಂದುಕೊಳ್ಳಿ. ಒಂದು ಸಲ ಕಾಲೇಜಿನ ವೈವಾದಲ್ಲಿ ಹೆದರಿಕೆಗೆ ಬಾಯಿ ತಪ್ಪಿ, ಎದುರಿಗೆ ಕೂತಿದ್ದ ಲೆಕ್ಚರರ್ ದನಿಯಲ್ಲೇ ಅವರಿಗೆ ಉತ್ತರ ಹೇಳಿದ್ದೆ. ಅವರು ಪಾಸು ಮಾಡಿದರು, ಆದರೆ ವರ್ಷವಿಡೀ ನನ್ನ ಮುಂದೆ ಮಾತಾಡಲಿಲ್ಲ.

ಎರಡು ಸಾವಿರದ ಹದಿಮೂರರ ಆಸುಪಾಸು. ದೊಡ್ಡಪ್ಪ ಒಂದು ಶಾಲೆಯವರು ಮಾರಿದ ಹಳೆಯ ಮಿನಿ ಬಸ್ಸನ್ನು ತಂದು ಮನೆಯ ಹಿಂದಿನ ಖಾಲಿ ಜಾಗದಲ್ಲಿ ನಿಲ್ಲಿಸಿದರು. ಎರಡು ವರ್ಷ ಅದರೊಳಗೇ ಬೆಸುಗೆ ಹಾಕುತ್ತಾ ಕೂತರು. ಮಲಗಲು, ಉಣ್ಣಲು, ಅಡುಗೆ ಮಾಡಲು ಎಲ್ಲವೂ ಇರುವ ಗಾಡಿ, ಹೋದ ಊರಲ್ಲೆಲ್ಲ ನಮ್ಮ ಮನೆಯಲ್ಲೇ ನಾವು ಇರಬೇಕು, ಇದು ಅವರ ಕನಸು. ಆದರೆ ಗ್ರಿಲ್ ಅಂಗಡಿಯವರು ಗಾಡಿ ಮಾಡಿದರೆ ಅದು ಗಾಡಿಯಾಗುವುದಿಲ್ಲ, ಗೃಹಪ್ರವೇಶಕ್ಕೆ ಕಾದ ಮನೆಯಾಗುತ್ತದೆ. ಕಿಟಕಿಗಳಿಗೆ ನವಿಲಿನ ಗ್ರಿಲ್ಲು. ಬಾಗಿಲಿಗೆ ಒಳಗಿನಿಂದ ಎರಡು ಚಿಲಕ. ಹೊರಗೆ ಗುಬ್ಬಿಯಂತೆ ಕೂಗುವ ಕಾಲಿಂಗ್ ಬೆಲ್ಲು. ಹಿಂದಿನ ಗಾಜು ತೆಗೆದು ಅಲ್ಲಿ ಅಡುಗೆ ಕಟ್ಟೆ, ಅದರ ಮೇಲೆ ಪಾತ್ರೆ ಸ್ಟ್ಯಾಂಡು. ಸೀಟು, ಹಾಸಿಗೆಯೆಲ್ಲ ಆರ್.ಟಿ. ನಗರದಲ್ಲಿ ಕುಶನ್ ಅಂಗಡಿ ಇಟ್ಟಿದ್ದ ಅವರ ಗೆಳೆಯ ಭಾಯ್ ಕೈಯಿಂದ ಆದದ್ದು. ಹೊರಗೆ ಕ್ರೀಮ್ ಬಣ್ಣ. ಬಿಸಿಲು ಓರೆಯಾಗಿ ಬಿದ್ದರೆ ಮಾತ್ರ ಬಣ್ಣದ ಕೆಳಗಿನಿಂದ 'ಶಾಲಾ ವಾಹನ' ಎಂಬ ಅಕ್ಷರಗಳು ಇಣುಕುತ್ತಿದ್ದವು.

ಹಿಂದಿನ ಗಾಜಿನ ಜಾಗದಲ್ಲಿ ಕುಕ್ಕರು ಕೂತಿದ್ದರಿಂದ ದೊಡ್ಡಪ್ಪನಿಗೆ ಹಿಂದೇನಿದೆ ಎಂದು ಕಾಣುತ್ತಿರಲಿಲ್ಲ. ಅವರಿಗೆ ಅದು ಕೊರತೆಯೇ ಅಲ್ಲ. ಮದುವೆಯಾದಾಗಿನಿಂದ ಅವರು ಗೇಟು ತುಂಬಿದ ಲಗೇಜು ಗಾಡಿಯನ್ನು ನಮ್ಮ ಇಕ್ಕಟ್ಟಿನ ಗಲ್ಲಿಯಲ್ಲಿ ರಿವರ್ಸ್ ತೆಗೆಯುವುದು ಕಣ್ಣಿನಿಂದಲ್ಲ, ಕಿವಿಯಿಂದ. ಹಿಂದೆ ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ನಿಂತು, "ಬರ್ಲಿ, ಬರ್ಲಿ, ಎಡಕ್ಕೆ, ಏನ್ರೀ ಎಡ ಅಂದ್ರೆ ಗೊತ್ತಿಲ್ವಾ, ಬರ್ಲಿ" ಎನ್ನುತ್ತಿದ್ದರು. ಗಾಡಿ ಗೋಡೆಯಿಂದ ಒಂದು ಅಂಗೈ ದೂರದಲ್ಲಿ ನಿಲ್ಲುತ್ತಿತ್ತು. ಬೇರೆ ಯಾರು ಕೂಗಿದರೂ ಅವರ ಕಾಲು ಬ್ರೇಕಿನಿಂದ ಏಳುತ್ತಿರಲಿಲ್ಲ. ಇಡೀ ಬೀದಿಗೆ ಗೊತ್ತಿದ್ದ ವಿಷಯ ಇದು.

ಆದರೆ ಈ ಮನೆಗಾಡಿಯ ಮೇಲೆ ದೊಡ್ಡಮ್ಮನಿಗೆ ಸಿಟ್ಟಿತ್ತು. ಅದು ನಿಂತ ಜಾಗ ಅವರು ಸಂಡಿಗೆ ಒಣಗಿಸುವ ಜಾಗ. ಸುತ್ತ ಮೂರು ಮಹಡಿ, ನಾಲ್ಕು ಮಹಡಿ ಎದ್ದ ಮೇಲೆ ನಮ್ಮ ಮನೆಗೆ ಉಳಿದಿದ್ದ ಬಿಸಿಲೇ ಅಷ್ಟು. ಮಹಡಿಯ ಮೇಲೆ ತಗಡು ಹೊದಿಸಿ ಮೇಷ್ಟ್ರೊಬ್ಬರಿಗೆ ಬಾಡಿಗೆ ಕೊಟ್ಟಾಗಿತ್ತು. ಎರಡು ಬೇಸಿಗೆ ದೊಡ್ಡಮ್ಮ ಸಂಡಿಗೆ ಹಿಟ್ಟಿನ ಪಾತ್ರೆ ಹೊತ್ತುಕೊಂಡು ಸಹಕಾರನಗರದ ತಂಗಿಯ ಮನೆಯ ಮಹಡಿಗೆ ಆಟೋದಲ್ಲಿ ಹೋಗಿ ಬಂದರು. ಆ ಎರಡು ಬೇಸಿಗೆ ನಾನು ಮನೆಯಲ್ಲಿ ಸಂಡಿಗೆ ಎಂಬ ಪದವನ್ನೇ ಎತ್ತಲಿಲ್ಲ. ಅನುಕರಣೆಗೂ ಒಂದು ಜೀವಭಯ ಇರುತ್ತದೆ.

ದಸರಾ ರಜೆಗೆ ಗಾಡಿಯ ಮೊದಲ ಪ್ರಯಾಣ ನಿಶ್ಚಯವಾಯಿತು. ಕುಮಟೆಯ ಕಡೆ ಸಮುದ್ರಕ್ಕೆ ಮುಖ ಮಾಡಿದ ಒಂದು ಹಳೆಯ ಕೋಟೆ. ಪೂರಾ ಬಿದ್ದುಹೋಗಿದ್ದನ್ನು ಈಚೆಗೆ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ, ನೋಡಲೇಬೇಕು ಎಂದು ಮೇಲಿನ ಮನೆಯ ಮೇಷ್ಟ್ರು ಹಟ ಹಿಡಿದಿದ್ದರು. ಹೊರಡುವ ದಿನ ಬೆಳಗ್ಗೆ ಪೂಜೆಯಾಗಿ, ಚಕ್ರದಡಿ ನಿಂಬೆಹಣ್ಣು ಇಟ್ಟಾದ ಮೇಲೆ, ದೊಡ್ಡಮ್ಮ ಎಲ್ಲರ ಎದುರೇ ಷರತ್ತು ಹಾಕಿದರು.

"ನೋಡ್ರೀ, ಈ ಗಾಡಿ ತನ್ನಷ್ಟಕ್ಕೆ ತಾನು ಹೋಗಿ ಬಂದ್ರೆ ಇರ್ಲಿ. ಎಲ್ಲಾದ್ರೂ ಕೈ ಕೊಟ್ಟು, ಹೊರಗಿನೋರು ಒಬ್ರು ಬಂದು ತಳ್ಳೋ ಹಾಗಾಯ್ತು ಅಂದ್ರೆ, ವಾಪಸ್ ಬಂದ ದಿನಾನೇ ಯಶವಂತಪುರದ ಗುಜರಿಯೋನಿಗೆ."

ದೊಡ್ಡಪ್ಪ ತಲೆ ಆಡಿಸಿದರು. ಆಡಿಸಿದ ತಲೆ ಅಲ್ಲಿಗೇ ನಿಂತಿತು. ಗುಜರಿಯವನು ಆಗಲೇ ಒಂದು ಸಲ ಬಂದು, ಗಾಡಿಯ ಸುತ್ತ ನಡೆದು, ಬೆರಳಿನಿಂದ ತಗಡು ತಟ್ಟಿ ನೋಡಿ ಹೋಗಿದ್ದ. ತಮ್ಮ ಎರಡು ವರ್ಷದ ಕೆಲಸವನ್ನು ಒಬ್ಬ ತಟ್ಟಿ ನೋಡಿದ್ದು ಅವರಿಗೆ ಎಷ್ಟು ನೋವಾಗಿತ್ತೆಂದರೆ, ಆ ರಾತ್ರಿ ಅವರು ಊಟಕ್ಕೆ ಗಾಡಿಯೊಳಗೇ ಕೂತಿದ್ದರು.

ಹೊರಟವರು ಆರು ಜನ. ದೊಡ್ಡಪ್ಪ, ದೊಡ್ಡಮ್ಮ, ಭಾಯ್, ಭಾಯ್ ಹೆಂಡತಿ ಆಪಾ, ಮೇಷ್ಟ್ರು, ಮತ್ತು ಯಾರೂ ಕರೆಯದೆ ಮೊದಲೇ ಹತ್ತಿ ಕೂತಿದ್ದ ನಾನು. ಹೆಬ್ಬಾಳದ ಫ್ಲೈಓವರ್ ಹತ್ತುವಾಗ ನನ್ನ ಮೈಯಲ್ಲಿ ಒಂಥರಾ ಜುಮ್ಮೆಂದಿತು. ದಿನಾ ಬಸ್ಸಿನಲ್ಲಿ ಯಾರದೋ ಕಂಕುಳಡಿ ನಿಂತು ನೋಡಿದ ಕೆರೆಯನ್ನು ಈಗ ಹಾಸಿಗೆಯ ಮೇಲೆ ಬೋರಲು ಮಲಗಿ, ನವಿಲಿನ ಕಾಲುಗಳ ಸಂದಿಯಿಂದ ನೋಡುತ್ತಿದ್ದೆ. ತುಮಕೂರು ರಸ್ತೆಯ ಸಿಗ್ನಲ್ಲಿನಲ್ಲಿ ಒಬ್ಬಾತ ಕಾಲಿಂಗ್ ಬೆಲ್ ಒತ್ತಿ ಇಡ್ಲಿ ಇದೆಯಾ ಎಂದು ಕೇಳಿದ. ಮನೆ ಎಂದು ಭಾಯ್ ವಿವರಿಸಿದರು. ಸರಿ, ಮನೆಯಲ್ಲಿ ಇಡ್ಲಿ ಇದೆಯಾ ಎಂದು ಅವನು ಮತ್ತೆ ಕೇಳಿದ. ಇತ್ತು. ದೊಡ್ಡಮ್ಮ ಒಂದು ಕೊಟ್ಟೇ ಕಳಿಸಿದರು.

ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದ ಘಟ್ಟ ಇಳಿಯುವಾಗ ಪಾತ್ರೆ ಸ್ಟ್ಯಾಂಡಿನ ಲೋಟಗಳೆಲ್ಲ ತಾಳ ಹಾಕತೊಡಗಿದವು. ಅದಕ್ಕೆ ತಕ್ಕಂತೆ ನಾನು ಎಲ್ಲರನ್ನೂ ಆಡಿ ತೋರಿಸಿದೆ. ಮೇಷ್ಟ್ರದ್ದು ಸುಲಭ, ಪ್ರತಿ ವಾಕ್ಯದ ಕೊನೆಗೆ ಗಂಟಲು ಸರಿಮಾಡಿಕೊಂಡು 'ಹೌದಲ್ಲವೇ' ಎಂದರಾಯಿತು. ಭಾಯ್ ನಗುವಾಗ ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದರು, ಸೈಕಲ್ ಪಂಪಿನ ಹಾಗೆ. ದೊಡ್ಡಮ್ಮನ ದನಿ ತೆಗೆದಾಗ ಆಪಾ ಎಷ್ಟು ನಕ್ಕರೆಂದರೆ ಅವರಿಗೆ ಬಿಕ್ಕಳಿಕೆ ಬಂತು. ದೊಡ್ಡಮ್ಮ ಮಾತ್ರ ಕಿಟಕಿಯ ಹೊರಗೆ ನೋಡುತ್ತಾ, ಇವನಿಗೆ ನನ್ನ ದನಿ ಕೊಟ್ಟ ದೇವರು ನನ್ನ ಕೆಲಸದಲ್ಲಿ ಅರ್ಧ ಕೊಟ್ಟಿದ್ದರೆ ಆಗುತ್ತಿತ್ತು ಎಂದರು. ಪ್ರತಿ ತಿರುವಿನಲ್ಲೂ ಗಾಡಿ ನರಳಿದರೆ ದೊಡ್ಡಪ್ಪ ಕನ್ನಡಿಯಲ್ಲಿ ಅವರ ಮುಖ ನೋಡುತ್ತಿದ್ದರು. ಗಾಡಿ ಎಲ್ಲೂ ನಿಲ್ಲಲಿಲ್ಲ.

ಮರುದಿನ ಬೆಳಗ್ಗೆ ಕೋಟೆಯ ಮುಂದೆ ಇಳಿದಾಗ ನನ್ನ ಬಾಯಿಂದ ಯಾರ ದನಿಯೂ ಹೊರಡಲಿಲ್ಲ. ಕೆಂಪು ಮುರಕಲ್ಲಿನ ಗೋಡೆಗಳು, ಅವುಗಳ ಮೇಲೆ ಮಳೆಗಾಲ ಬಿಟ್ಟುಹೋದ ಪಾಚಿಯ ಹಸಿರು. ಸುತ್ತ ಕಂದಕ. ದುಂಡನೆಯ ಕೊತ್ತಳಗಳು. ಗಾಳಿಯಲ್ಲಿ ಉಪ್ಪು. ನನ್ನ ಪ್ರಾಯದವನಿಗೆ ಕೋಟೆ ಎಂದರೆ ಪಠ್ಯಪುಸ್ತಕದ ಮಸುಕು ಚಿತ್ರ. ಇಲ್ಲಿ ಅದು ಈಗಷ್ಟೇ ಯಾರೋ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದ ಹಾಗಿತ್ತು. ನಾನು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದೆ. ಗೋಡೆಯೊಳಗಿನ ಇಕ್ಕಟ್ಟಾದ ಕತ್ತಲ ದಾರಿಯಲ್ಲಿ ನುಗ್ಗಿ ಮೇಖ್ರಿ ಮೇಖ್ರಿ ಎಂದು ಕೂಗಿದೆ. ಕೋಟೆಯೇ ಕಂಡಕ್ಟರಾಗಿ ನನಗೆ ಮೇಖ್ರಿ ಎಂದು ತಿರುಗಿ ಕೂಗಿತು. ಆ ಖುಷಿಗೆ ಮತ್ತೆ ಕೂಗಿದೆ. ಆ ಕಡೆಯಿಂದ ಬರುತ್ತಿದ್ದ ಒಂದು ಸಂಸಾರ ಹಿಂದಕ್ಕೆ ಸರಿದು ದಾರಿ ಬಿಟ್ಟಿತು.

ಮೇಷ್ಟ್ರು ಪಾಠ ಶುರು ಮಾಡಿದ್ದರು. ಕುಸಿದು ಮಣ್ಣಿನಲ್ಲಿ ಹೂತುಹೋಗಿದ್ದ ಕಲ್ಲುಗಳನ್ನೇ ಹೆಕ್ಕಿ, ಹಳೆಯ ಅಡಿಪಾಯದ ಮೇಲೆಯೇ ಮತ್ತೆ ಜೋಡಿಸಿದ್ದಾರೆ, ಕಡಿಮೆ ಬಿದ್ದ ಕಡೆ ಹೊಸ ಕಲ್ಲು ಕಡಿದು ಸೇರಿಸಿದ್ದಾರೆ, ಹೌದಲ್ಲವೇ. ದೊಡ್ಡಪ್ಪ ಗೋಡೆಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತು, ಹಳೆಯ ಕಲ್ಲು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತು ಎಂದು ಅಂಗೈಯಿಂದ ಹುಡುಕುತ್ತಿದ್ದರು. ಜೋಡಣೆ ಸಿಕ್ಕಿದಾಗಲೆಲ್ಲ ಮಗುವಿನ ಹಾಗೆ ತಿರುಗಿ ನಮ್ಮನ್ನು ಕರೆದು ತೋರಿಸುತ್ತಿದ್ದರು.

"ನೋಡಿದ್ಯೇನೇ," ಎಂದರು ದೊಡ್ಡಮ್ಮನಿಗೆ. "ಹಳೇದನ್ನ ಎಸೀಲಿಲ್ಲ ಇವ್ರು. ಇದ್ದಿದ್ರಲ್ಲೇ ಎಬ್ಬಿಸವ್ರೆ."

"ಎಬ್ಸಿದ್ದಾರೆ, ಸರಿ. ಇದು ಯಾರ ಸಂಡಿಗೆಗೂ ಅಡ್ಡ ನಿಂತಿಲ್ವಲ್ಲ," ಎಂದು ದೊಡ್ಡಮ್ಮ ಕೊತ್ತಳದ ಮೆಟ್ಟಿಲು ಹತ್ತತೊಡಗಿದರು.

ಅವರು ಸಮುದ್ರ ನೋಡಿದ್ದು ಅದೇ ಮೊದಲು. ಮೇಲೆ ಹೋದವರು ಕೆಳಗೆ ಬರಲೇ ಇಲ್ಲ. ಕೆಳಗಿನಿಂದ ನೋಡಿದರೆ ಗೋಡೆಯ ಅಂಚಿನಲ್ಲಿ ಅವರ ಹಸಿರು ಸೀರೆಯ ಸೆರಗು ಮಾತ್ರ ಬಾವುಟದ ಹಾಗೆ ಹಾರುತ್ತಿತ್ತು.

ಅಷ್ಟರಲ್ಲಿ ಒಂದು ದೊಡ್ಡ ಪ್ರವಾಸಿ ಬಸ್ಸು ಬಂತು. ಕೋಟೆಗೆ ಬರುವ ದಾರಿ ಕಿರಿದು, ಒಂದು ಕಡೆ ಗದ್ದೆ, ಇನ್ನೊಂದು ಕಡೆ ಕಂದಕದ ಹಸಿ ದಂಡೆ. ನಮ್ಮ ಗಾಡಿ ಅಡ್ಡವಾಗುತ್ತಿತ್ತು. ಸ್ವಲ್ಪ ಹಿಂದೆ ತಗೊಳ್ಳಿ ಎಂದು ಆ ಡ್ರೈವರು ಮರ್ಯಾದೆಯಿಂದಲೇ ಕೇಳಿದ. ದೊಡ್ಡಪ್ಪ ಹತ್ತಿ ಕೂತು ರಿವರ್ಸ್ ಹಾಕಿದರು. ಅಭ್ಯಾಸದಂತೆ ಕಿವಿ ಹಿಂದಕ್ಕೆ ಕೊಟ್ಟರು. ಹಿಂದೆ ದೊಡ್ಡಮ್ಮ ಇರಲಿಲ್ಲ. ಬಸ್ಸಿನಿಂದ ಇಳಿದ ಜನ ಇದ್ದರು, ಮತ್ತು ಅವರೆಲ್ಲರಿಗೂ ರಿವರ್ಸ್ ಹೇಳಿಕೊಡಲು ಬರುತ್ತಿತ್ತು. ಲೆಫ್ಟ್ ಎಂದನೊಬ್ಬ, ಫುಲ್ ಕಟ್ ಎಂದನೊಬ್ಬ, ಬರಲಿ ಬರಲಿ ಎಂದ ಇನ್ನೊಬ್ಬ ಗಾಡಿಯ ಮುಂದೆ ನಿಂತಿದ್ದ. ದೊಡ್ಡಪ್ಪ ಗಾಬರಿಯಾಗಿ ಸ್ವಲ್ಪ ಹಿಂದೆ ಬಿಟ್ಟರು. ಹಿಂದಿನ ಎಡ ಚಕ್ರ ಕಂದಕದ ಹಸಿ ಮಣ್ಣಿಗೆ ಇಳಿದು ಅಲ್ಲೇ ಕೂತಿತು. ಒಳಗೆ ಲೋಟಗಳು ಒಟ್ಟಿಗೆ ಉರುಳಿದವು. ಎಂಜಿನ್ ಆಫ್ ಆಯಿತು.

ಬಸ್ಸಿನ ಹುಡುಗರು ಒಳ್ಳೆಯವರು. ಹೇಳಿಸಿಕೊಳ್ಳದೆ ತೋಳು ಮಡಚಿಕೊಂಡು ತಳ್ಳಲು ಬಂದೇಬಿಟ್ಟರು. ಅವರ ಅಂಗೈ ತಗಡಿಗೆ ತಾಗಿದರೆ ಗಾಡಿ ಯಶವಂತಪುರಕ್ಕೆ. ಸ್ಟಿಯರಿಂಗ್ ಹಿಡಿದ ದೊಡ್ಡಪ್ಪನ ಮುಖ ಬಿಳಿಚಿಕೊಂಡಿತ್ತು. ಆ ಮುಖವನ್ನು ನಾನು ಯಾವತ್ತೂ ಆಡಿ ತೋರಿಸಿಲ್ಲ.

ಭಾಯ್ ಓಡಿಹೋಗಿ ಗಾಡಿಯ ಬೆನ್ನಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತರು. "ಹಾತ್ ನಕ್ಕೋ ಲಗಾವ್ ಬಾಬಾ. ಮುಟ್ಬೇಡಿ. ಇದು ಗಂಡ ಹೆಂಡತಿ ಮ್ಯಾಟರು."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೈ ಇಳಿಸಿದರು. ಈ ಗಾಡಿಗೂ ಗಂಡ ಹೆಂಡತಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಈಗ ನನ್ನ ಸರದಿ ಎನಿಸಿತು. ಇಷ್ಟು ವರ್ಷ ಕದ್ದ ದನಿಗಳಲ್ಲಿ ಒಂದಾದರೂ ಕೆಲಸಕ್ಕೆ ಬರಬೇಕಲ್ಲ. ಗಾಡಿಯ ಹಿಂದೆ, ದೊಡ್ಡಪ್ಪನಿಗೆ ಕಾಣದ ಕಡೆ ನಿಂತು, ಹೊಟ್ಟೆಯಿಂದ ದೊಡ್ಡಮ್ಮನ ದನಿ ತೆಗೆದೆ. ಹೇಗೆ ಬಂತೆಂದರೆ ಆಪಾ ಬೆಚ್ಚಿ ತಿರುಗಿ ನೋಡಿದರು. "ರೀ, ನಾನ್ ಬಂದಿದೀನಿ. ಮುಂದಕ್ಕೆ ಬರ್ಲಿ. ಬಲಕ್ಕೆ. ಹಾ, ಸರಿಯಾಗಿದೆ ರೀ, ಬರ್ಲಿ."

ಗಾಡಿ ಅಲುಗಲಿಲ್ಲ. ದೊಡ್ಡಪ್ಪ ಕಿಟಕಿಯಿಂದ ತಲೆ ಹಾಕಿ, "ಸುಮ್ನಿರೋ ಮಗನೇ" ಎಂದರು. ಅಷ್ಟೇ. ನನ್ನ ಕಲಾಜೀವನದ ಅತ್ಯುತ್ತಮ ಪ್ರದರ್ಶನ ಎರಡು ಪದಗಳಲ್ಲಿ ಮುಗಿಯಿತು.

ಆಗ ಆಕಾಶದಿಂದ ಅಸಲಿ ದನಿ ಬಂತು.

"ಏನ್ರೀ ಅದು, ಒಂದ್ ನಿಮಿಷ ಕಣ್ಣು ಆ ಕಡೆ ಮಾಡಿದ್ರೆ ಕೆರೆಗೆ ಇಳಿಸ್ಬಿಟ್ರಾ?"

ಎಲ್ಲರೂ ತಲೆ ಎತ್ತಿದೆವು. ಕೊತ್ತಳದ ಅಂಚಿನಲ್ಲಿ ದೊಡ್ಡಮ್ಮ ನಿಂತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಹಡಗು ಬರುವುದನ್ನು ಕಾಯಲು ಕಟ್ಟಿದ್ದ ಜಾಗ ಅದು. ಅಲ್ಲಿಂದ ಅವರಿಗೆ ಗಾಡಿ, ಗದ್ದೆ, ಕಂದಕ, ನಾವು ಎಲ್ಲರೂ ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತಿದ್ದೆವು. ಅವರು ಸುಮ್ಮನಿದ್ದಿದ್ದರೆ ಸಾಕಿತ್ತು. ಸಮುದ್ರದ ಕಡೆ ತಿರುಗಿ ಇನ್ನೊಂದು ನಿಮಿಷ ನಿಂತಿದ್ದರೆ ಹುಡುಗರು ತಳ್ಳುತ್ತಿದ್ದರು, ಷರತ್ತು ಮುರಿಯುತ್ತಿತ್ತು, ಬಿಸಿಲು ಅವರದ್ದಾಗುತ್ತಿತ್ತು. ದೊಡ್ಡಪ್ಪನಿಗೂ ಅದು ಹೊಳೆದಿರಬೇಕು. ಕಿಟಕಿಯಿಂದ ಮೇಲಕ್ಕೆ ನೋಡುತ್ತಾ ಕೂತರು.

ದೊಡ್ಡಮ್ಮ ಒಂದು ಕ್ಷಣ ಗಾಡಿಯನ್ನೇ ನೋಡಿದರು. ಆಮೇಲೆ ಕೈ ಮೇಲೆತ್ತಿದರು.

"ಭಾಯ್, ಮಧ್ಯದ ಸೀಟಿನ ನಾರಿನ ಹಾಸು ಕಿತ್ತು ಆ ಚಕ್ರದ ಕೆಳಗೆ ಕೊಡಿ."

"ಅಕ್ಕಾ, ಹೊಸಾದು ಅದು," ಎಂದು ಭಾಯ್ ಗೋಗರೆದರು.

"ಕೊಡಿ ಭಾಯ್. ಮೇಷ್ಟ್ರೇ, ನೀವೂ ಕೈ ಹಚ್ಚಿ, ಪಾಠ ಆಮೇಲೆ. ಲೇ ಕೋತಿ, ನಿನ್ ಬಾಯಿ ಮುಚ್ಚಿ ಭುಜ ಕೊಡು."

ಬಸ್ಸಿನ ಹುಡುಗನೊಬ್ಬ, ಹಾಗಾದರೆ ಈ ಭಾಯ್ ಹೊರಗಿನವರಲ್ಲವೇ ಎಂದು ನ್ಯಾಯ ಕೇಳಿದ. ಅಷ್ಟು ಎತ್ತರದಲ್ಲೂ ಅದು ಅವರ ಕಿವಿಗೆ ಬಿತ್ತು. ನಮ್ಮ ಮನೆ ಅಡುಗೆ ಕಟ್ಟೆ ಎತ್ತರ ಕೇಳಿ ಅದಕ್ಕೆ ಸರಿಯಾಗಿ ಸೀಟು ಹೊಲಿದವರು ಹೊರಗಿನವರು ಹೇಗಾಗುತ್ತಾರೆ ಎಂದು ಅಲ್ಲಿಂದಲೇ ತೀರ್ಪು ಕೊಟ್ಟರು. ಭಾಯ್ ಹೊಸ ಹಾಸನ್ನು ಕೆಸರಿಗೆ ಇಡುತ್ತಾ, ಅಳುವ ಮುಖದಲ್ಲೇ ಸೈಕಲ್ ಪಂಪಿನ ನಗು ನಕ್ಕರು.

ದೊಡ್ಡಪ್ಪ ಮತ್ತೆ ಎಂಜಿನ್ ಚಾಲೂ ಮಾಡಿದರು, ನಾವು ಮೂವರೂ ಭುಜ ಕೊಟ್ಟೆವು. ಮೇಲಿನಿಂದ ದನಿ ಬರುತ್ತಾ ಹೋಯಿತು. ಬಲಕ್ಕೆ ಒಡೀರಿ, ಇನ್ನೂ, ಮುಂದೆ ಹುಲ್ಲಿನ ನಡುವೆ ಕಲ್ಲು ಹಾಸಿದೆ, ನನಗೆ ಕಾಣುತ್ತಿದೆ, ಅದಕ್ಕೆ ಹತ್ತಿಸಿ, ಬರ್ಲಿ, ಬರ್ಲಿ, ಬಲ ಅಂದ್ರೆ ಬಲ ಕಣ್ರೀ. ದೊಡ್ಡಪ್ಪನ ಕಾಲು ಬ್ರೇಕಿನಿಂದ ಎದ್ದಿತು. ನಾರಿನ ಹಾಸು ಹರಿಯುವ ಸದ್ದು ಕೇಳಿತು, ನನ್ನ ಮುಖಕ್ಕೆ ಕೆಸರು ಹಾರಿತು, ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳದೆಯೇ ಒಂದು ಸಲ ಕೂಗಿದರು, ಚಕ್ರ ಕಲ್ಲಿನ ಮೇಲೆ ಹತ್ತಿ ಗಾಡಿ ರಸ್ತೆಗೆ ಬಂತು. ಹುಡುಗರು ಚಪ್ಪಾಳೆ ತಟ್ಟಿದರು. ನನಗಂತೂ ಈ ಕೋಟೆಯನ್ನು ನಾವೇ ಗೆದ್ದೆವೇನೋ ಅನ್ನಿಸಿತು.

ಚಪ್ಪಾಳೆ ನಿಂತ ಮೇಲೆ ಕೊತ್ತಳದಿಂದ ಇನ್ನೊಂದು ಪ್ರಶ್ನೆ ಇಳಿಯಿತು.

"ರೀ, ಆ ಮೇಲಿನ ತಗಡು ಬಿಸಿಲಿಗೆ ಚೆನ್ನಾಗಿ ಕಾಯುತ್ತಾ?"

"ಕಾಯುತ್ತೆ ಕಣೇ. ಯಾಕೆ?"

ಅಷ್ಟರಲ್ಲಿ ಅವರು ಮತ್ತೆ ಸಮುದ್ರದ ಕಡೆ ತಿರುಗಿದ್ದರು.

ಮಧ್ಯಾಹ್ನ ಪುಳಿಯೋಗರೆ ತಿನ್ನುವಾಗ ನಾನು ದೊಡ್ಡಪ್ಪನನ್ನು ಕೇಳಿಯೇಬಿಟ್ಟೆ. ಆಪಾ ಕೂಡ ಮೋಸಹೋದರು, ನಿಮಗೆ ಹೇಗೆ ಗೊತ್ತಾಯಿತು. ಅವರು ತುತ್ತು ನುಂಗಿ, ದೊಡ್ಡಮ್ಮ ಕೈ ತೊಳೆಯಲು ಹೋದದ್ದನ್ನು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಹೇಳಿದರು.

"ದನಿ ಎಲ್ಲಾ ಕರೆಕ್ಟಾಗೇ ಇತ್ತು ಕಣೋ. ಆದ್ರೆ ಸರಿಯಾಗಿದೆ ಅಂದ್ಯಲ್ಲ, ಅಲ್ಲಿ ಸಿಕ್ಕಾಕೊಂಡೆ. ಮದ್ವೆ ಆದಾಗಿಂದ ಅವ್ಳು ಒಂದ್ ಸಲಾನೂ ನಂಗೆ ಆ ಮಾತು ಅಂದಿಲ್ಲ."

ಹಿಂದಿರುಗುವ ದಾರಿಯುದ್ದಕ್ಕೂ ದೊಡ್ಡಮ್ಮ ಗಾಡಿಯ ಬಗ್ಗೆ ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ಷರತ್ತು ಮುರಿದಿರಲಿಲ್ಲ, ನಿಜ. ಆದರೆ ಗಾಡಿ ಕೂತದ್ದಂತೂ ಕೂತಿತ್ತು. ದೊಡ್ಡಪ್ಪ ಯಶವಂತಪುರ ದಾಟುವಾಗ ಗುಜರಿ ಅಂಗಡಿಗಳ ಸಾಲಿನ ಕಡೆ ನೋಡದೆ ನೇರಕ್ಕೆ ಓಡಿಸಿದರು. ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಹೆದರಿದ ಮನುಷ್ಯ ಶಿಳ್ಳೆ ಹಾಕಲು ನೋಡಿದರೆ ಬರೀ ಗಾಳಿ ಬರುತ್ತದೆ ಎಂದು ಆಗಲೇ ಕಲಿತದ್ದು. ಈಗ ಅದನ್ನೂ ಆಡಿ ತೋರಿಸುತ್ತೇನೆ.

ಮನೆ ತಲುಪಿದಾಗ ಇಳಿ ಬಿಸಿಲು. ಗಾಡಿಯನ್ನು ರಿವರ್ಸಿನಲ್ಲಿ ಹಿಂದಿನ ಜಾಗಕ್ಕೆ ನಿಲ್ಲಿಸಬೇಕು. ನಾವೆಲ್ಲ ಇಳಿದೆವು. ನಾನು ಗೇಟಿನ ಪಕ್ಕದ ಗೋಡೆ ಹತ್ತಿ ಕೂತು, ಡಬ್ಬದಲ್ಲಿ ಉಳಿದಿದ್ದ ಕೋಡುಬಳೆಗಳನ್ನು ಬೇರೆಯವರು ನೋಡುವ ಮುಂಚೆ ಬಾಯಿಗೆ ತುಂಬಿಕೊಂಡೆ. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಹಿಂದೆ, ಮಹಡಿಯ ಮೆಟ್ಟಿಲ ಮೇಲೆ ನಿಂತರು. ಬರ್ಲಿ, ಬರ್ಲಿ, ಎಡಕ್ಕೆ. ಗಾಡಿ ಯಾವಾಗಲೂ ನಿಲ್ಲುವ ಜಾಗಕ್ಕೆ ಬಂತು. ದೊಡ್ಡಪ್ಪ ಹ್ಯಾಂಡ್‌ಬ್ರೇಕ್ ಎಳೆಯುವುದರಲ್ಲಿದ್ದರು.

"ಅಲ್ಲಲ್ಲ. ಅಲ್ಲಿ ಪಕ್ಕದ ಬಿಲ್ಡಿಂಗ್ ನೆರಳು ಬೀಳುತ್ತೆ. ಇನ್ನೂ ಈಚೆಗೆ. ಬರ್ಲಿ."

ಅವರು ನೋಡುತ್ತಿದ್ದದ್ದು ಚಕ್ರವನ್ನಲ್ಲ, ಗಾಡಿಯ ನೆತ್ತಿಯನ್ನು. ಕ್ರೀಮ್ ಬಣ್ಣದ ಆ ಉದ್ದನೆಯ ತಗಡಿನ ಮೇಲೆ ನೆರಳು ಇಂಚಿಂಚಾಗಿ ಹಿಂದೆ ಸರಿಯಿತು. ಬಿಸಿಲು ಈ ತುದಿಯಿಂದ ಆ ತುದಿಗೆ ಹಾಸಿಕೊಂಡಿತು, ನಾಲ್ಕು ಸೀರೆ ಹರಡಿ ಸಂಡಿಗೆ ಇಡುವಷ್ಟು ಅಗಲಕ್ಕೆ.

"ನಿಲ್ಸಿ," ಎಂದರು ದೊಡ್ಡಮ್ಮ. "ಸರಿಯಾಗಿದೆ."

ದೊಡ್ಡಪ್ಪ ಸಿಟ್ಟಿನಿಂದ ಕಿಟಕಿಯ ಹೊರಗೆ ತಲೆ ಹಾಕಿ ನನ್ನನ್ನು ಹುಡುಕಿದರು. "ಏಯ್, ಸಾಕು ಮಾಡೋ ನಿನ್ನ ಆಟ" ಎಂದು ಬೈದರು.

ನಾನು ಎರಡೂ ಕೈ ಮೇಲೆತ್ತಿ, ಬಾಯಿ ಅಗಲಿಸಿ, ಒಳಗಿದ್ದ ಕೋಡುಬಳೆಯನ್ನು ತೋರಿಸಿದೆ.